ರಗ್ಬಿ ಜರ್ಸಿ: 7 ಯಾರಿಗೆ, 18 ಯಾರಿಗೆ?

ಧಾರವಾಡದಿಂದ ಕೇಳಿದ್ದು: ಕಾಲೇಜಿನಾಗ ಹದಿನೈದು ಮಂದಿಯ ರಗ್ಬಿ ಯೂನಿಯನ್ ತಂಡ ಕಟ್ಟಾಕತ್ತೇವ್ರಿ. ಬದಲಿ ಆಟಗಾರರು ಸೇರಿ 23 ಜರ್ಸಿ ಹೊಲಿಸಬೇಕು. ಹುಡುಗರು ಧೋನಿ ಸಲುವಾಗಿ 7, ಕೊಹ್ಲಿ ಸಲುವಾಗಿ 18 ಬೇಕಂತ ಹಟ ಹಿಡದಾರ. ಕೇಳಿದ ನಂಬರ್ ಕೊಡಬಹುದೇನ್ರಿ?

ಹುಬ್ಬಳ್ಳಿ: ಕೊಡಬ್ಯಾಡ್ರಿ ಸರ. ಇಲ್ಲಿ ನಂಬರ್ ನಿಲ್ಲೂ ಜಾಗಾಕ್ಕ ಕಟ್ಟಿದ್ದು. 1ರಿಂದ 8 ಫಾರ್ವರ್ಡ್ ಅಂದ್ರ ಮುಂದ ನೂಕಾಡಾವರು, 9ರಿಂದ 15 ಬ್ಯಾಕ್ ಅಂದ್ರ ಹಿಂದ ನಿಲ್ಲಾವರು. 7 ಅಂದ್ರ ಓಪನ್‌ಸೈಡ್ ಫ್ಲ್ಯಾಂಕರ್, ಸ್ಕ್ರಮ್‌ನಿಂದ (ಎರಡೂ ತಂಡದ ಫಾರ್ವರ್ಡ್‌ಗಳು ತೆಕ್ಕಿ ಹಾಕಿ ಚೆಂಡಿನ ಸಲುವಾಗಿ ನೂಕಾಡೂದು) ಬಿಡಿಸಿಕೊಂಡು ಮೈದಾನ ಅಗಲ ಇರೂ ಕಡೆ ಮೊದಲು ಓಡಾವ. 18 ಸಾಮಾನ್ಯವಾಗಿ ಬದಲಿ ಟೈಟ್‌ಹೆಡ್ ಪ್ರಾಪ್ (ಸ್ಕ್ರಮ್‌ನ ಮುಂದಿನ ಸಾಲಿನ ಬಲತುದಿಯಾವ), ತಂಡದಾಗಿನ ದಪ್ಪ ಮೈಯವರ ಪೈಕಿ ಒಬ್ಬ. ಅದನ್ನ ಸಣಕಲ ಹುಡುಗನಿಗೆ ಹಾಕಿದ್ರ ಹೆಂಗ್ರಿ?

ಹಂಚೂದು ಸ್ಕ್ರಮ್‌ನ ಮುಂದಿನ ಸಾಲಿನಿಂದ ಸುರು ಮಾಡ್ರಿ. 1 ಲೂಸ್‌ಹೆಡ್ ಪ್ರಾಪ್ ಎಡಕ್ಕ ನಿಲ್ತಾನ, ಅವನ ತಲಿಯ ಎಡಬಾಜು ಖುಲ್ಲಾ ಇರ್ತೈತಿ. 3 ಟೈಟ್‌ಹೆಡ್ ಬಲಕ್ಕ. ಅವನ ತಲಿ ಎದುರಾಳಿ 1 ಮತ್ತ 2ರ ನಡುವ ಸಿಕ್ಕಿ ಎರಡೂ ಭುಜದ ಮ್ಯಾಲ ಭಾರ ಬೀಳ್ತೈತಿ. ಈ ಇಬ್ಬರನ್ನ ಅದಲು ಬದಲು ಮಾಡೂದು ಹಗುರ ಮಾತಲ್ಲ, ಎರಡಕ್ಕೂ ಬ್ಯಾರೆ ಬ್ಯಾರೆ ತಾಲೀಮು ಬೇಕು. ನಡುವ 2 ಹುಕರ್, ಕಾಲಿಲೆ ಚೆಂಡು ಹಿಂದಕ್ಕ ಎಳಿಯಾವ. ಲೈನ್‌ಔಟ್‌ನಾಗ (ಚೆಂಡು ಬಾಜೂ ಗೆರಿ ದಾಟಿದಾಗ ಸಾಲಾಗಿ ನಿಂತವರ ನಡುವ ಮತ್ತ ಎಸಿಯೂದು) ಎಸಿಯಾವನೂ ಹೆಚ್ಚಾಗಿ ಅವನ. ಗರಡಿಮನಿ ಪೈಲ್ವಾನರು ಸಿಕ್ರ ಛಲೋ, ಆದ್ರ ಕುಸ್ತಿಯಾಗಿನಂಗ ತಲಿ ತಗ್ಗಿಸಿ ನುಗ್ಗಬಾರದು. ಭುಜ ಸೊಂಟಕ್ಕಿಂತ ಕೆಳಗ ಇಳಿದ್ರ ಸ್ಕ್ರಮ್ ಕುಸಿದು ಕುತ್ತಿಗಿಗೆ ಪೆಟ್ಟಾಗ್ತೈತಿ.

ಗದಗ: ಉಳಿದದ್ದು ನಾ ಹೇಳ್ತೀನಿ. 4, 5 ಲಾಕ್, ಸ್ಕ್ರಮ್‌ನ ಎರಡನೇ ಸಾಲಿನ ಎತ್ತರದವರು. 6 ಬ್ಲೈಂಡ್‌ಸೈಡ್ ಫ್ಲ್ಯಾಂಕರ್, ಮೈದಾನ ಸಣ್ಣ ಇರೂ ಕಡೆಯಾವ. 8ಕ್ಕ ಹೆಸರೂ ‘ನಂಬರ್ ಎಯ್ಟ್’, ಸ್ಕ್ರಮ್‌ನ ಹಿಂತುದಿ ಕಾಯಾವ. 9 ಸ್ಕ್ರಮ್‌ಹಾಫ್ ಚೆಂಡು ಒಳಗ ಹಾಕಿ, ಹಿಂದಿನಿಂದ ತಗದು 10ಕ್ಕ ಕೊಡ್ತಾನ. 10 ಫ್ಲೈಹಾಫ್. ಒದಿಯೂದೋ, ಪಾಸೋ, ಓಟೋ ಅಂತ ಠರಾವು ಮಾಡಾವ ಅವನು.

ಎಲ್ಲಾರೂ ಎಡವೂದು 11ರ ಹತ್ರ. ಎರಡು ವಿಂಗ್ (ಮೈದಾನದ ಅಂಚಿನಾಗ ಓಡಾವರು) 11, 12 ಅಲ್ರಿ. 11 ಎಡ ವಿಂಗ್, 12 ಒಳಗಿನ ಸೆಂಟರ್, 13 ಹೊರಗಿನ ಸೆಂಟರ್, 14 ಬಲ ವಿಂಗ್. 15 ಫುಲ್‌ಬ್ಯಾಕ್ ಎಲ್ಲಾರ ಹಿಂದ. ಹುಡುಗರು ದಕ್ಷಿಣ ಆಫ್ರಿಕಾದ ವಿಡಿಯೋ ನೋಡಿ ಕಲಿತಿದ್ರ ಇನ್ನೊಂದು ಗೊಂದಲ: ಅಲ್ಲಿ 6 ಓಪನ್‌ಸೈಡ್, 7 ಬ್ಲೈಂಡ್‌ಸೈಡ್. ಅಲ್ಲಿನ ಫ್ಲ್ಯಾಂಕರ್ ಸಿಯಾ ಕೊಲಿಸಿ 6 ಹಾಕೂದು ಅದಕ್ಕ. ರಗ್ಬಿ ಲೀಗ್ ವಿಡಿಯೋ ಅಂತೂ ತೋರಸಬ್ಯಾಡ್ರಿ, ಅಲ್ಲಿ 13 ಮಂದಿ, ಫುಲ್‌ಬ್ಯಾಕ್‌ಗೆ 1.

ಹಾವೇರಿ: ಬೆಂಚಿಗೆ 16 ಹುಕರ್, 17 ಲೂಸ್‌ಹೆಡ್, 18 ಟೈಟ್‌ಹೆಡ್ ರೂಢಿ. 23 ಮಂದಿ ಇದ್ರ ಮುಂದಿನ ಸಾಲಿಗೆ ತಯಾರಾದವರು ಕನಿಷ್ಠ 6 ಮಂದಿ ಬೇಕಂತ ನಿಯಮ. ಅಂಥವರು ಖಾಲಿ ಆದ್ರ ನೂಕಾಟ ಇಲ್ಲದ ಸ್ಕ್ರಮ್ ಆಗ್ತದ, ನಿಮ್ಮ ಪೈಲ್ವಾನರ ಬಲ ಹೊಳ್ಯಾಗ ಹುಣಸಿಹಣ್ಣು ತೊಳದಂಗ.

ಹೊಲಿಸೂ ಮುಂಚೆ ನಂಬರಿನ ಮುಂದ ಸೈಜ್ ಬರಕೊಳ್ರಿ. 1, 3, 17, 18ಕ್ಕ ಎದಿ ಅಗಲ, 4 ಮತ್ತ 5ಕ್ಕ ಉದ್ದ ಜಾಸ್ತಿ. ಬಿಸಿ ಒತ್ತಿ ಅಂಟಿಸೂ ನಂಬರ್ ಬ್ಯಾಡ, ಸ್ಕ್ರಮ್‌ನಾಗ ಜರ್ಸಿ ಹಿಡಿದು ಜಗ್ಗಿದಾಗ ಅಂಚು ಏಳ್ತದ. ಪಾಲಿಯೆಸ್ಟರ್ ಬಟ್ಟಿ ಮ್ಯಾಲ ಸಬ್ಲಿಮೇಷನ್ ಮುದ್ರಣ ಮಾಡಸ್ರಿ, ಬಣ್ಣ ನೂಲಿನೊಳಗ ಇಳೀತದ. ಹತ್ತಿ ಬಟ್ಟಿಗೆ ಅದು ಹತ್ತೂದಿಲ್ಲ. ಅಂಕಿ 20 ಸೆಂಟಿಮೀಟರಿಗೆ ಕಡಿಮಿ ಬ್ಯಾಡ. 6ರ ಬಾಯಿ ಅಗಲ ಇಡಸ್ರಿ, ಎರಿ ಮಣ್ಣು ಮೆತ್ತಿದ್ರ ಅದು 8ರಂಗ ಕಾಣ್ತದ. ರಕ್ತ ಹತ್ತಿದ ಜರ್ಸಿ ಬದಲಿಸಬೇಕಾಗ್ತದ, ಅದಕ್ಕ ದೊಡ್ಡ ಸೈಜಿನ 2 ಜರ್ಸಿ ಹೆಚ್ಚಿಗಿ ಮಾಡಸ್ರಿ. ನಂಬರ್ ಬದಲಾದ್ರ ರೆಫ್ರಿಗೆ ತಿಳಸ್ರಿ.

ಹುಬ್ಬಳ್ಳಿ: ಒಂದು ಬಿಟ್ಟಿತ್ತು. ಆಟದ ನಡುವ 12ರವ 10ರ ಜಾಗಾಕ್ಕ ಸರಿದ್ರ ಜರ್ಸಿ ಬದಲಿಸಬ್ಯಾಡ್ರಿ. ರೆಫ್ರಿ ಎಚ್ಚರಿಕಿ, ಕಾರ್ಡ್ ಎಲ್ಲಾ ಬರಕೊಳ್ಳೂದು ಬೆನ್ನ ಮ್ಯಾಲಿನ ಅಂಕಿ ನೋಡಿ.