ಕಿಟ್ ಇಲ್ಲ, ಲ್ಯಾಬ್ ಇಲ್ಲ. ಶಾಲಾ ಮಕ್ಕಳಿಗೆ ಎಂಜಿನಿಯರಿಂಗ್ ಹೇಳಿಕೊಡುವುದು ಹೇಗೆ?

ಶರಾವತಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. ಒಂದರಿಂದ ಎಂಟರವರೆಗೆ ತರಗತಿಗಳಿವೆ. ಮಕ್ಕಳು ಕಡಿಮೆ, ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರುವುದೂ ಉಂಟು.

ಸೆಪ್ಟೆಂಬರ್ 15 ಬಂತು ಅಂದರೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಒಂದು ಭಾಷಣ, ಒಂದು ಪ್ರಬಂಧ ಸ್ಪರ್ಧೆ. ಕನ್ನಂಬಾಡಿ ಕಟ್ಟೆಯ ಬಗ್ಗೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅಷ್ಟು ನೀರು ಒತ್ತಿದರೂ ಕಟ್ಟೆ ಯಾಕೆ ಜಾರುವುದಿಲ್ಲ ಅಂತ ಯಾರೂ ಕೇಳುವುದಿಲ್ಲ. ವಸ್ತುಪ್ರದರ್ಶನಕ್ಕೆ ಪ್ರತಿ ವರ್ಷ ಅದೇ ಥರ್ಮಾಕೋಲ್ ಅಣೆಕಟ್ಟು, ಅದಕ್ಕೆ ನೀಲಿ ಬಣ್ಣ. ಒಂದು ಲೋಟ ನೀರು ಹಾಕಿದರೂ ನಿಲ್ಲುವುದಿಲ್ಲ. ನೋಡಿ ನೋಡಿ ಬೇಜಾರಾಗಿದೆ.

ನಮಗೆ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ಮಾಡಿ ಕಲಿಯುವ ಲ್ಯಾಬ್) ಬಂದಿಲ್ಲ. ಬಂದರೂ ಅದು 6ನೇ ತರಗತಿಯಿಂದ ಮೇಲಿನವರಿಗೆ. ಯೂಟ್ಯೂಬ್ ತೆಗೆದರೆ ಬರೀ ರೋಬೋ, ಆರ್ಡುಯಿನೋ ಅನ್ನುವ ಎಲೆಕ್ಟ್ರಾನಿಕ್ ಬೋರ್ಡು. ಸಣ್ಣ ಮಕ್ಕಳಿಂದ ಶುರು ಮಾಡಬಹುದಾ? ಏನು ಮಾಡಿಸಲಿ? ಅದಕ್ಕೆ ಅಂಕ ಕೊಡುವುದು ಹೇಗೆ? ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.

ನಟ್ಟು ಬೋಲ್ಟು ಬರೆದದ್ದು:

ಟೀಚರ್, ಥರ್ಮಾಕೋಲ್ ಅಣೆಕಟ್ಟಿನಲ್ಲಿ ನೀರು ನಿಲ್ಲುವುದಿಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ನಾನು ಭದ್ರಾವತಿ ಕಡೆಯವನು. ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ, ಈಗ ನಿವೃತ್ತ. ಶನಿವಾರ ಹತ್ತಿರದ ಶಾಲೆಗಳಿಗೆ ಹೋಗಿ ಮಕ್ಕಳ ಕೈಲಿ ಏನಾದರೂ ಕಟ್ಟಿಸುತ್ತೇನೆ.

ನನ್ನ ಮಟ್ಟಿಗೆ ಮುಖ್ಯವಾದದ್ದು ಒಂದೇ. ಮಕ್ಕಳು ಕಟ್ಟಿದ್ದು ಮುರಿಯಬೇಕು, ಎಲ್ಲಿ ಮುರಿಯಿತು ಅಂತ ಅವರೇ ನೋಡಬೇಕು, ಮತ್ತೆ ಕಟ್ಟಬೇಕು. ಎರಡನೇ ಸಲ ಕಟ್ಟಲು ಸಮಯ ಕೊಡದಿದ್ದರೆ ಅದು ಕ್ರಾಫ್ಟ್ ಪೀರಿಯಡ್ ಆಗಿಬಿಡುತ್ತದೆ. ಸಾಮಾನು ಇಷ್ಟೇ, ಹೊತ್ತು ಇಷ್ಟೇ, ಕೆಲಸ ಇದು ಅಂತ ಮೊದಲೇ ಹೇಳಿಬಿಡಿ. ಕಡಿವಾಣ ಇದ್ದರೇ ತಲೆ ಓಡುವುದು.

ಒಂದು, ಎರಡು, ಮೂರನೇ ತರಗತಿಗೆ ಒಂದು ಎ4 ಹಾಳೆ ಸಾಕು. ಎರಡು ಪುಸ್ತಕದ ರಾಶಿ, ನಡುವೆ ಒಂದು ಗೇಣು ಜಾಗ. ಹಾಳೆ ಹಾಗೇ ಇಟ್ಟರೆ ಬಾಗಿ ಬೀಳುತ್ತದೆ. ಅದನ್ನೇ ಬೀಸಣಿಗೆ ಥರ ನೆರಿಗೆ ಮಡಚಿ ಇಟ್ಟರೆ ನೋಟ್‌ಬುಕ್ ಹೊರುತ್ತದೆ. ನೆರಿಗೆ ಹಾಕಿ ಅಂತ ಮಾತ್ರ ಮೊದಲೇ ಹೇಳಬೇಡಿ. ಯಾರಾದರೂ ಒಬ್ಬರು ಮಡಚೇ ಮಡಚುತ್ತಾರೆ, ಮಿಕ್ಕವರು ಅವರ ಕೈ ನೋಡುತ್ತಾರೆ.

ನಾಲ್ಕು, ಐದಕ್ಕೆ ಅರವಿಂದ್ ಗುಪ್ತಾ ಅವರ ಬೆಂಕಿಕಡ್ಡಿ ಆಟ. ಕಡ್ಡಿಯ ಮದ್ದು ಕೆರೆದು ತೆಗೆಯಿರಿ, ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ಅಲುಗುವುದಿಲ್ಲ. ಆಮೇಲೆ ನಿಮ್ಮ ಶಾಲೆಯ ಮಾಡಿನ ತೊಲೆ ತೋರಿಸಿ, ಊರಿನ ಮೊಬೈಲ್ ಟವರ್ ತೋರಿಸಿ. ಗುಪ್ತಾ ಐಐಟಿ ಕಾನ್ಪುರದಲ್ಲಿ ಓದಿದವರು. ಕಸದಿಂದ ಆಟಿಕೆ ಮಾಡುವುದರಲ್ಲೇ ಜೀವನ ಕಳೆದರು, 2018ರಲ್ಲಿ ಪದ್ಮಶ್ರೀ ಬಂತು. ಅವರ ಜಾಲತಾಣದಲ್ಲಿ ಇಂಥವು ರಾಶಿ ರಾಶಿ ಉಚಿತವಾಗಿ ಸಿಗುತ್ತವೆ.

ಆರರಿಂದ ಎಂಟಕ್ಕೆ ನನಗೆ ತುಂಬಾ ಇಷ್ಟವಾದದ್ದು ತೂಗುಸೇತುವೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರ ಕಥೆಯಿಂದ ಶುರು ಮಾಡುತ್ತೇನೆ. ಮೆಕ್ಯಾನಿಕಲ್ ಎಂಜಿನಿಯರ್ ಅವರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆ ಕಟ್ಟಿದರು, ಆಮೇಲೆ ನೂರಕ್ಕೂ ಜಾಸ್ತಿ ಕಟ್ಟಿದರು. ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಬರುವುದು ಏನು ಅಂತ ಮಲೆನಾಡಿನ ಮಕ್ಕಳಿಗೆ ನಾವು ಹೇಳಬೇಕಾ?

ಎರಡು ಬೆಂಚು, ನಡುವೆ 60 ಸೆಂ.ಮೀ. ಬೆಂಚಿನ ಅಂಚಿನಲ್ಲಿ ರಟ್ಟಿನ ಕಂಬ. ದಾರ, ಐಸ್‌ಕ್ರೀಮ್ ಕಡ್ಡಿ. ನಡುವೆ ಒಂದು ಪ್ಲಾಸ್ಟಿಕ್ ಲೋಟ ನೇತುಹಾಕಿ ಮರಳು ಸುರಿಯುತ್ತಾ ಹೋಗುವುದು. ಹೆಚ್ಚಿನ ಗುಂಪುಗಳು ದಾರವನ್ನು ಕಂಬದ ತುದಿಗೇ ಕಟ್ಟುತ್ತವೆ. ಮರಳು ಬಿದ್ದಂತೆ ಎರಡೂ ಕಂಬ ಒಳಗೆ ವಾಲಿ ದೊಪ್ಪನೆ ಬೀಳುತ್ತವೆ. ಆಗ ಏನು ಮಾಡುತ್ತಾರೆ ಗೊತ್ತಾ? ನಡೆಯುವ ಹಲಗೆಗೆ ಇನ್ನಷ್ಟು ಕಡ್ಡಿ ಅಂಟಿಸುತ್ತಾರೆ. ಸುಮ್ಮನಿರಿ. ಮತ್ತೆ ಬೀಳಲಿ. "ಎಲ್ಲಿ ಸೋತಿತು, ಬೆರಳಿಟ್ಟು ತೋರಿಸು" ಅಂತ ಮಾತ್ರ ಕೇಳಿ. ಬೆರಳು ಕಂಬದ ಮೇಲೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ದಾರವನ್ನು ಕಂಬದ ಮೇಲಿಂದ ಹಿಂದಕ್ಕೆ ಎಳೆದು ಇಟ್ಟಿಗೆಗೆ ಕಟ್ಟುತ್ತಾರೆ. ಅರಂಬೂರಿನಲ್ಲಾದರೂ ಅಷ್ಟೇ, ನಿಮ್ಮ ಬೆಂಚಿನ ಮೇಲಾದರೂ ಅಷ್ಟೇ, ಭಾರ ಕೊನೆಗೆ ಹೋಗಿ ಸೇರುವುದು ದಡದ ನೆಲಕ್ಕೆ.

ಇನ್ನೊಂದು ಮಾತು. ಚೆಂದ ಕಾಣಲಿ ಅಂತ ಮಕ್ಕಳು ದಾರವನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಹಗ್ಗದ ನಡುವೆ ಶಾಲೆಯ ಚೀಲ ನೇತುಹಾಕಿ, ಇಬ್ಬರಿಗೆ ಎರಡು ತುದಿ ಕೊಟ್ಟು ನೇರ ಮಾಡಿ ಅನ್ನಿ. ಎಷ್ಟು ಎಳೆದರೂ ಆಗುವುದಿಲ್ಲ. 60 ಸೆಂ.ಮೀ. ಅಂತರದಲ್ಲಿ ದಾರ ನಡುವೆ 17 ಸೆಂ.ಮೀ. ಇಳಿದಿದ್ದರೆ ಪ್ರತಿ ಬದಿಯ ಎಳೆತ ಹೆಚ್ಚುಕಡಿಮೆ ಆ ತೂಕದಷ್ಟೇ. 3 ಸೆಂ.ಮೀ. ಮಾತ್ರ ಇಳಿದಿದ್ದರೆ ತೂಕದ 5 ಪಟ್ಟು! ಎಂಟನೆಯವರಿಗೆ ಅದು ಕೈಗೆ ಗೊತ್ತಾದರೆ ಸಾಕು. ಮುಂದೆ ಹತ್ತನೇ ತರಗತಿಯಲ್ಲಿ ಸೈನ್ ತೀಟಾ ಬಂದಾಗ ಕೈ ನೋವು ನೆನಪಾಗುತ್ತದೆ.

ಅಂಕದ ವಿಷಯ. ಚೆಂದಕ್ಕೆ ಅಂಕ ಬೇಡವೇ ಬೇಡ. ಮೊದಲ ಸಲ ಎಷ್ಟು ಭಾರ ಹೊತ್ತಿತು, ಎಲ್ಲಿ ಮುರಿಯಿತು, ಏನು ಬದಲಾಯಿಸಿದೆ, ಆಮೇಲೆ ಎಷ್ಟು ಭಾರ ಹೊತ್ತಿತು. ಈ ನಾಲ್ಕು ಸಾಲಿಗೆ ಅಂಕ ಕೊಡಿ.

ಹೈಸ್ಕೂಲ್ ಫಿಸಿಕ್ಸ್ ಬರೆದದ್ದು:

ಮೇಲಿನವರ ಮಾತಿಗೆ ಎರಡು ಸೇರಿಸುತ್ತೇನೆ.

ನಾನು ಮೊದಲು ಇದ್ದ ಶಾಲೆಗೆ ಲ್ಯಾಬ್ ಬಂದಿತ್ತು. ಬೋರ್ಡ್, ಸೆನ್ಸರ್, ಮೋಟರ್ ಎಲ್ಲಾ ಇತ್ತು. ಕಳೆದುಹೋದರೆ ಯಾರು ಲೆಕ್ಕ ಕೊಡುವುದು ಅಂತ ಬೀರುವಿಗೆ ಬೀಗ. ಅತಿಥಿಗಳು ಬಂದಾಗ ಮಾತ್ರ ತೆಗೆಯುತ್ತಿದ್ದರು. ಹಾಗಾಗಿ ಕಿಟ್ ಇಲ್ಲ ಅಂತ ಕಾಯುತ್ತಾ ಕೂರಬೇಡಿ. ನಿಮ್ಮ ಮಕ್ಕಳ ಸೈಕಲ್ ಇದೆಯಲ್ಲ. ತಲೆಕೆಳಗು ನಿಲ್ಲಿಸಿ ಚೈನ್ ಚಕ್ರಗಳ ಹಲ್ಲು ಎಣಿಸಲಿ. ಮುಂದೆ 44, ಹಿಂದೆ 18 ಅಂತಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತಿಗೆ ಚಕ್ರ ಸುಮಾರು 2.4 ಸುತ್ತು. ಆಮೇಲೆ ಟೈರಿಗೆ ಸುಣ್ಣದ ಗುರುತು ಹಾಕಿ, ಪೆಡಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ಚಕ್ರ ಎಷ್ಟು ಸುತ್ತಿತು ಎಣಿಸಲಿ, ಲೆಕ್ಕ ತಾಳೆಯಾಗುತ್ತಾ ನೋಡಲಿ. ಅನುಪಾತದ ಪಾಠ ಅಲ್ಲೇ ಮುಗಿಯುತ್ತದೆ. ಕೆಟ್ಟ ಟಾರ್ಚು, ಗೋಡೆ ಗಡಿಯಾರ, ಬಟನ್ ಪೆನ್ನು ಬಿಚ್ಚಿಸಿ. ಸಿಎಫ್‌ಎಲ್ ಬಲ್ಬು ಬೇಡ, ಅದರಲ್ಲಿ ಪಾದರಸ ಇರುತ್ತದೆ. ಹಳೇ ಟಿವಿ, ಯುಪಿಎಸ್, ಮೊಬೈಲ್ ಬ್ಯಾಟರಿ ಕೂಡ ಮುಟ್ಟಿಸಬೇಡಿ. ಗೋಡೆಯ ಪ್ಲಗ್‌ಗೆ ಹೋಗುವ ಯಾವುದೂ ಬೇಡ.

ಎರಡನೆಯದು, ಇದನ್ನು ಯಾರೂ ಬರೆಯುವುದಿಲ್ಲ. ಗುಂಪು ಮಾಡಿ ಬಿಟ್ಟರೆ ಕತ್ತರಿ, ಸ್ಕ್ರೂಡ್ರೈವರ್ ಹುಡುಗರ ಕೈಗೆ ಹೋಗುತ್ತದೆ. ಹೆಣ್ಣುಮಕ್ಕಳು ಬರೆದುಕೊಳ್ಳುವುದು, ಬಣ್ಣ ಹಚ್ಚುವುದು. ಎಂಟನೇ ತರಗತಿಗೆ ಬರುವಷ್ಟರಲ್ಲಿ "ನನಗೆ ಅದೆಲ್ಲ ಬರಲ್ಲ ಮಿಸ್" ಅನ್ನುತ್ತಾರೆ. ಕೈಗೆ ಕೊಡದೆ ಬರುವುದಾದರೂ ಹೇಗೆ? ಕತ್ತರಿಸುವುದು, ಅಳೆಯುವುದು, ಭಾರ ಹಾಕುವುದು, ಬರೆಯುವುದು, ಎಲ್ಲ ಕೆಲಸ ಸರದಿ ಮೇಲೆ ಬದಲಾಗಲಿ. ಇದನ್ನು ಮಾತ್ರ ಮೊದಲ ದಿನದಿಂದಲೇ ಮಾಡಿ.

ಎರಡು ಮಕ್ಕಳ ಅಮ್ಮ ಬರೆದದ್ದು:

ನಡುವೆ ಬಾಯಿ ಹಾಕುತ್ತಿದ್ದೇನೆ. ಹೊಸ ಶಿಕ್ಷಣ ನೀತಿಯಲ್ಲಿ ಆರನೇ ತರಗತಿಯಿಂದ ಕೋಡಿಂಗ್ ಅಂತಿದೆ. ನಮ್ಮ ಬಡಾವಣೆಯಲ್ಲಿ ಎಲ್ಲರೂ ರೋಬೋಟಿಕ್ಸ್ ಕ್ಲಾಸಿಗೆ ಹಾಕುತ್ತಿದ್ದಾರೆ. ಮಗಳಿಗೆ ಎಂಟು ವರ್ಷ. ಹಾಕದಿದ್ದರೆ ಹಿಂದೆ ಬೀಳುತ್ತಾಳಾ?

ನಟ್ಟು ಬೋಲ್ಟು:

ಇಲ್ಲಮ್ಮ. ಕೋಡಿಂಗ್ ಒಳ್ಳೆಯದೇ, ಮಕ್ಕಳಿಗೆ ಕೋಡಿಂಗ್ ಕಲಿಸುವ ಸ್ಕ್ರಾಚ್ ಅನ್ನುವ ತಂತ್ರಾಂಶ ಉಚಿತ, ಕನ್ನಡದಲ್ಲೇ ಮಾತಾಡಿಕೊಂಡು ಮನೆಯಲ್ಲೇ ಆಡಿಸಬಹುದು. ಕ್ಲಾಸಿಗೆ ಸೇರಿಸುವುದೇ ಆದರೆ ಒಂದು ದಿನ ಹೊರಗೆ ನಿಂತು ನೋಡಿ. ಚಿತ್ರ ನೋಡಿಕೊಂಡು ಎಲ್ಲ ಮಕ್ಕಳೂ ಒಂದೇ ಥರದ ರೋಬೋ ಜೋಡಿಸುತ್ತಿದ್ದರೆ ಆ ದುಡ್ಡು ಉಳಿಸಿ. ಒಂದು ಸ್ಕ್ರೂಡ್ರೈವರ್ ಸೆಟ್ ತೆಗೆದುಕೊಡಿ.

ಶರಾವತಿ ಟೀಚರ್:

ತುಂಬಾ ತುಂಬಾ ಧನ್ಯವಾದ. ಸರದಿಯ ಮಾತು ಓದಿ ನಮ್ಮ ಏಳನೇ ತರಗತಿಯ ಮಕ್ಕಳು ಕಣ್ಣ ಮುಂದೆ ಬಂದರು. ತೂಗುಸೇತುವೆ ಖಂಡಿತ ಮಾಡಿಸುತ್ತೇನೆ. ಆದರೆ ಸೆಪ್ಟೆಂಬರ್ 15ಕ್ಕೆ ಅಣೆಕಟ್ಟೇ ಬೇಕು ಅಂತ ಮುಖ್ಯ ಶಿಕ್ಷಕರು ಹೇಳುತ್ತಿದ್ದಾರೆ. ನೀರು ನಿಲ್ಲುವಂಥದ್ದು ಏನಾದರೂ ಇದೆಯಾ? ಮತ್ತೆ ಸೇತುವೆಗೆ ಯಾವ ದಾರ?

ನಟ್ಟು ಬೋಲ್ಟು:

ನೀವು ಸಾಗರದವರಾಗಿ ಇದನ್ನು ಕೇಳಬೇಕಾ! ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ತುಂಬಾ ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಮುಳುಗಿದ್ದು. ಅದರಲ್ಲಿ ಗಣೇಶ್ ಅಯ್ಯರ್ ಅನ್ನುವ ಎಂಜಿನಿಯರ್ ರೂಪಿಸಿದ ಸೈಫನ್‌ಗಳಿವೆ. ನೀರು ಒಂದು ಮಟ್ಟ ಮುಟ್ಟಿದರೆ ಸಾಕು, ಯಾರೂ ಗೇಟ್ ಎತ್ತದೆ ತಾನಾಗಿ ಹೊರಗೆ ಹೋಗುತ್ತದೆ.

ಅದನ್ನೇ ಮಾಡಿಸಿ. ಒಂದು ಲೀಟರ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗು ಮಾಡಿ. ಮುಚ್ಚಳಕ್ಕೆ ತೂತು. ತೋಟದಲ್ಲಿ ಉಳಿದ ಡ್ರಿಪ್‌ನ ಸಣ್ಣ ಟ್ಯೂಬನ್ನು ಕೆಳಗಿನಿಂದ ತೂರಿಸಿ, ಒಳಗೆ ಕಮಾನಿನಂತೆ ಬಗ್ಗಿಸಿ, ತುದಿ ಮತ್ತೆ ಮುಚ್ಚಳದ ಹತ್ತಿರ ಇಳಿಯುವಂತೆ ದಾರದಿಂದ ಕಟ್ಟಿ. ಟ್ಯೂಬ್ ಮುದುಡಬಾರದು. ತೂತಿನ ಸುತ್ತ ಎಂಸೀಲ್ ಹಚ್ಚಿ. ನೀರು ಹಾಕುತ್ತಾ ಹೋಗಿ. ಕಮಾನು ಮುಳುಗುವವರೆಗೆ ಒಂದು ಹನಿಯೂ ಬರುವುದಿಲ್ಲ. ಮುಳುಗಿದ ಕೂಡಲೇ ಸರ್ರನೆ ಶುರುವಾಗಿ, ಕಮಾನಿಗಿಂತ ಎಷ್ಟೋ ಕೆಳಗಿನ ನೀರೂ ಖಾಲಿ. ಕಮಾನಿನ ಎತ್ತರ ಬದಲಾಯಿಸಿ ಕೆರೆಯ ಕೋಡಿ ಮಟ್ಟ ನಿಗದಿ ಮಾಡಿ ಅಂತ ಪ್ರತಿ ಗುಂಪಿಗೂ ಬೇರೆ ಬೇರೆ ಮಟ್ಟ ಕೊಡಿ.

ಕಟ್ಟೆ ಜಾರದಿರುವುದಕ್ಕೆ ಅಂಗಳದಲ್ಲಿ ಜೇಡಿಮಣ್ಣಿನ ಎರಡು ಕಟ್ಟೆ ಹಾಕಿಸಿ. ಎತ್ತರ ಒಂದೇ, ಒಂದು ತೆಳು ಗೋಡೆ, ಇನ್ನೊಂದು ಬುಡ ಅಗಲ. ನೀರು ಬಿಡಿ. ಕನ್ನಂಬಾಡಿ ನಿಂತಿರುವುದೂ ತನ್ನ ತೂಕದಿಂದಲೇ.

ದಾರ ಹತ್ತಿಯದ್ದು ಅಥವಾ ಸೆಣಬಿನದ್ದು. ನೈಲಾನ್ ಬೇಡ, ಭಾರ ಬಿದ್ದಂತೆ ಹಿಗ್ಗುತ್ತದೆ, ಇಳಿತದ ಅಳತೆ ಕೆಡುತ್ತದೆ.