ಖಳನಿಗೂ ನೋವಿನ ಬಾಲ್ಯ ಕೊಟ್ಟರೆ ಕೆಟ್ಟತನ ಅರ್ಥವಾಗುತ್ತಾ?

ಸರಸ್ವತಿಪುರಂ ಓದುಗ
ಮೈಸೂರಿನವರಿಗೆ ಕೆಟ್ಟವನು ಅಂದರೆ ಚಿಕ್ಕಂದಿನಿಂದ ಬೆಟ್ಟದ ಮಹಿಷಾಸುರ. ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಹಾವು. (ಅವನು ಕೆಟ್ಟವನೇ ಅಲ್ಲ, ನಮ್ಮ ದೊರೆ ಅನ್ನುವವರೂ ಊರಲ್ಲಿದ್ದಾರೆ, ಆ ಚರ್ಚೆ ಬೇರೆ.) ಸಿನಿಮಾದಲ್ಲಿ ವಜ್ರಮುನಿ ಕಣ್ಣು ಕೆಂಪಗೆ ಮಾಡಿದರೆ ಸಾಕಿತ್ತು. ಈಗ ಖಳನಿಗೂ ಒಂದು ನೋವಿನ ಬಾಲ್ಯ ಕೊಡುತ್ತಾರೆ, ಸಿನಿಮಾ ಮುಗಿಯೋ ಹೊತ್ತಿಗೆ ಅವನ ಮೇಲೆ ಕನಿಕರ ಹುಟ್ಟಿ ಅವನು ಕೊಂದವರ ಹೆಸರೂ ನೆನಪಿರಲ್ಲ. ನನಗಿದು ಸರಿ ಕಾಣುತ್ತಿಲ್ಲ. ಕೆಟ್ಟತನ ಹುಟ್ಟಿನಿಂದ ಬರುತ್ತಾ, ಪಟ್ಟ ಪಾಡಿನಿಂದ ಬರುತ್ತಾ? ಮನಃಶಾಸ್ತ್ರ, ಸಾಹಿತ್ಯ ಓದಿದವರು ಹೇಳಿ.

ಗಂಗೋತ್ರಿ ಹಳೆ ವಿದ್ಯಾರ್ಥಿನಿ
ಎರಡೂ ಇಲ್ಲದೆಯೂ ಬರುತ್ತದೆ ಸರ್. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಶುರು ಮಾಡಿದರು. ಪಕ್ಕದ ಕೋಣೆಯವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಾಕ್ ಕೊಡಬೇಕು, ಪ್ರತಿ ಸಲ 15 ವೋಲ್ಟ್ ಜಾಸ್ತಿ. ಶಾಕ್ ಸುಳ್ಳು, ಆದರೆ ಸ್ವಿಚ್ ಒತ್ತುವವನಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್ ತನಕ ಹೋದರು. ಖುಷಿಯಿಂದಲ್ಲ. ಎಷ್ಟೋ ಜನ ಬೆವರಿದರು, ನಡುಗಿದರು, ಸಾಕು ಅಂದರು, ಪ್ರಯೋಗ ನಡೆಸುವವನು ಮುಂದುವರಿಸಿ ಅಂದ ಕೂಡಲೇ ಮತ್ತೆ ಒತ್ತಿದರು.
ಇನ್ನೊಂದು ಸುತ್ತಿನಲ್ಲಿ ಸ್ವಿಚ್ ಒತ್ತೋದು ಬೇರೆಯವನು, ಇವರದು ಜೊತೆಗೆ ಕೂತು ಉಳಿದ ಕೆಲಸ ನೋಡಿಕೊಳ್ಳೋದು ಅಷ್ಟೇ. ಆಗ 40ರಲ್ಲಿ 37 ಜನ ಕೊನೆ ತನಕ ಕೂತರು. ನನಗೆ ನಿದ್ದೆಗೆಡಿಸೋದು ಈ 37.

ಮದ್ದೂರಿನವಳು
ಆ 37 ಜನ ಯಾರು ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ಸ್ಕ್ಯಾನ್ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತಲ್ಲ. ಆಲೆಮನೆ ಅಂದರೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯೋ ಜಾಗ, ದಾರೀಲಿ ಹೋಗುವ ಮಕ್ಕಳನ್ನು ಕರೆದು ಕೈಗೆ ಬಿಸಿ ಬೆಲ್ಲ ಹಾಕುವ ಜಾಗ. ಇಂಥ ಕೆಲಸ ಒಬ್ಬ ರಾಕ್ಷಸನಿಂದ ಆಗಲ್ಲ. ಗಿರಾಕಿ ಹುಡುಕೋನು ಬೇರೆ, ಮಿಷನ್ ತರೋನು ಬೇರೆ, ಜಾಗ ಕೊಡೋನು ಬೇರೆ, "ನಿನ್ ಒಳ್ಳೇದಕ್ಕೇ ಕಣವ್ವ" ಅನ್ನೋ ಅತ್ತೆ ಬೇರೆ. ಕೇಳಿದರೆ ಎಲ್ಲರದೂ ಒಂದೇ ಮಾತು, ನಂದೇನಿದೆ ಅಂತ. ಸಿನಿಮಾದವರು ಈ ಮುಖಗಳನ್ನು ತೋರಿಸಲಿ.

ಹಳಗನ್ನಡ ಪ್ರಿಯ
ಒಪ್ಪುತ್ತೇನೆ ಮೇಡಂ, ಆದರೆ ಎಲ್ಲರೂ ಸ್ವಲ್ಪ ಸ್ವಲ್ಪ ಕೆಟ್ಟವರು ಅಂದುಬಿಟ್ಟರೆ ಯಾರ ಮೇಲೂ ಹೊಣೆ ಉಳಿಯಲ್ಲ ಅಲ್ವಾ? ಓದುಗರು ಹೇಳಿದ ಕನಿಕರದ ವಿಷಯಕ್ಕೆ ಹಳಗನ್ನಡ ಕವಿ ನಾಗಚಂದ್ರನ ರಾಮಾಯಣದ ರಾವಣನನ್ನು ನೋಡಿ. ಸೀತೆಯ ಸಂಕಟ ಕಂಡು ಅವನ ಮನಸ್ಸು ತಿರುಗುತ್ತದೆ, ವಾಪಸ್ ಕಳಿಸಬೇಕು ಅನ್ನಿಸುತ್ತದೆ. ಆದರೆ ಈಗಲೇ ಕೊಟ್ಟರೆ ಹೆದರಿದ ಅಂತ ಜನ ಆಡಿಕೊಳ್ಳುತ್ತಾರೆ, ಯುದ್ಧ ಗೆದ್ದು ಆಮೇಲೆ ಕೊಡೋಣ ಅಂದುಕೊಳ್ಳುತ್ತಾನೆ. ತಪ್ಪು ಗೊತ್ತಿದೆ, ಬಿಡೋ ಮನಸ್ಸೂ ಇದೆ, ಮರ್ಯಾದೆ ಅಡ್ಡ ಬಂತು. ಕವಿ ಕನಿಕರ ಹುಟ್ಟಿಸುತ್ತಾನೆ, ಹಾಗಂತ ತಪ್ಪನ್ನು ಅಳಿಸಲ್ಲ.

ಗಂಗೋತ್ರಿ ಹಳೆ ವಿದ್ಯಾರ್ಥಿನಿ
ಹೊಣೆ ಬಗ್ಗೆ ಒಂದು ಮಾತು. ಮಿಲ್‌ಗ್ರಾಂ ಇನ್ನೊಂದು ಸುತ್ತಿನಲ್ಲಿ ಪಕ್ಕದಲ್ಲಿ ಮೊದಲೇ ಹೇಳಿಕೊಟ್ಟ ತಮ್ಮ ಕಡೆಯ ಇಬ್ಬರನ್ನು ಕೂರಿಸಿದ್ದರು. ಅವರು ಒಬ್ಬರಾದ ಮೇಲೊಬ್ಬರು ನಾನು ಮಾಡಲ್ಲ ಅಂತ ಎದ್ದುಬಿಟ್ಟರು. ಆಗ ಕೊನೆ ತನಕ ಹೋದವರು 40ರಲ್ಲಿ 4 ಜನ ಮಾತ್ರ.

ಮದ್ದೂರಿನವಳು
ಹಾಗಾದರೆ ಆ ಅತ್ತೆ ಮುಂದೆ ಮೊದಲು ಎದ್ದು ಬೇಡ ಅನ್ನಬೇಕಾದವನು ಗಂಡ. ಸುಮ್ನೆ ಗಾಡಿ ಸ್ಟಾರ್ಟ್ ಮಾಡಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುವ ಅವನ ಮೇಲೆ ಕನ್ನಡದಲ್ಲಿ ಯಾರಾದರೂ ಕಥೆ ಬರೆದಿದ್ದಾರಾ? ಇದ್ದರೆ ಹೆಸರು ಹಾಕಿ, ಓದಬೇಕು.