ಸಹಾಯ ಬೇಕು: ವರ್ಚುವಲ್ ಮಶೀನಿಗೆ ಯಾವ ಕೋರ್‌ಗಳನ್ನು ಕೊಡಬೇಕು?

ಎಲ್ಲರಿಗೂ ನಮಸ್ಕಾರ.

ನನ್ನ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಐ5-1235ಯು ಪ್ರೊಸೆಸರ್ ಮತ್ತು 16 ಜಿಬಿ ರ್‍ಯಾಮ್ ಇದೆ. ನಿತ್ಯದ ಕೆಲಸವೆಲ್ಲ ಉಬುಂಟು ಲಿನಕ್ಸಿನಲ್ಲೇ ನಡೆಯುತ್ತದೆಯಾದರೂ, ಪುಟವಿನ್ಯಾಸದ ಹಳೆಯ ಕಡತಗಳನ್ನು ತೆರೆಯಲು ವಿಂಡೋಸ್ ಅನಿವಾರ್ಯವಾದ್ದರಿಂದ, ಲಿನಕ್ಸಿನಲ್ಲೇ ಇರುವ ಕೆವಿಎಂ ಸೌಲಭ್ಯದ ಮೂಲಕ ವಿಂಡೋಸ್ 10 ಹೋಮ್ ಆವೃತ್ತಿಯನ್ನು ವರ್ಚುವಲ್ ಮಶೀನಿನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಯುವ ಇನ್ನೊಂದು ಕಂಪ್ಯೂಟರಿನಲ್ಲಿ) ಹಾಕಿಕೊಂಡಿದ್ದೇನೆ.

ಆರಂಭದಲ್ಲಿ ಅದಕ್ಕೆ 4 ಕೋರ್ (ಪ್ರೊಸೆಸರಿನೊಳಗಿನ ಸಂಸ್ಕರಣಾ ಘಟಕ) ಕೊಟ್ಟಿದ್ದರೂ ವಿಂಡೋಸ್ ಒಳಗೆ ಒಂದು ಕೋರ್ ಮಾತ್ರ ಕೆಲಸ ಮಾಡುತ್ತಿತ್ತು. ನಾನು ಕೊಟ್ಟ 4 ಕೋರ್‌ಗಳು 4 ಪ್ರತ್ಯೇಕ ಸಾಕೆಟ್‌ಗಳಾಗಿ (ಅಂದರೆ 4 ಬೇರೆ ಬೇರೆ ಪ್ರೊಸೆಸರ್‌ಗಳಾಗಿ) ನಮೂದಾಗಿದ್ದವು, ಹೋಮ್ ಆವೃತ್ತಿಯಾದರೋ ಒಂದೇ ಸಾಕೆಟ್ ಬಳಸುತ್ತದೆ ಎಂಬುದು ತಿಳಿದ ಮೇಲೆ, ಟೊಪಾಲಜಿಯನ್ನು (ಕೋರ್‌ಗಳ ಜೋಡಣೆಯನ್ನು) 1 ಸಾಕೆಟ್, 4 ಕೋರ್ ಎಂದು ಬದಲಿಸಿದೆ. ಆ ತೊಂದರೆ ನೀಗಿತು. (ಇದೇ ಸ್ಥಿತಿಯಲ್ಲಿರುವವರು ದಯವಿಟ್ಟು ಮೊದಲು ಇದನ್ನೇ ಪರೀಕ್ಷಿಸಿ; ನನಗೆ ಎರಡು ವಾರ ಹಿಡಿಯಿತು.)

ಉಳಿದಿರುವ ಪ್ರಶ್ನೆ ಬೇರೆ. ಈ ಪ್ರೊಸೆಸರಿನಲ್ಲಿ ವೇಗದ ಕೋರ್‌ಗಳು 2, ವಿದ್ಯುತ್ ಉಳಿಸುವ ಕೋರ್‌ಗಳು 8. ವೇಗದವು ತಲಾ 2 ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಸರಣಿ) ನಡೆಸುವುದರಿಂದ ಉಬುಂಟುವಿಗೆ ಒಟ್ಟು 12 ಥ್ರೆಡ್ ಕಾಣುತ್ತವೆ. ವರ್ಚುವಲ್ ಮಶೀನಿನಲ್ಲಿ ಒಂದೇ ಕಡತವನ್ನು ಪಿಡಿಎಫ್ ಮಾಡಲು ಒಮ್ಮೆ 40 ಸೆಕೆಂಡು ಸಾಕಾದರೆ ಮತ್ತೊಮ್ಮೆ ಎರಡು ನಿಮಿಷ ಬೇಕಾಗುತ್ತದೆ. ಕೆಲಸ ಯಾವ ಬಗೆಯ ಕೋರ್‌ಗೆ ಬೀಳುತ್ತದೆ ಎಂಬುದೇ ಇದಕ್ಕೆ ಕಾರಣವೆಂದು ನನ್ನ ಊಹೆ.

ಹಾಗಾದರೆ ಮಶೀನಿನ ನಾಲ್ಕು ಕೋರ್‌ಗಳನ್ನೂ ವೇಗದ ಕೋರ್‌ಗಳ ಥ್ರೆಡ್‌ಗಳಾದ 0ರಿಂದ 3ಕ್ಕೆ ಪಿನ್ ಮಾಡುವುದು (ಅವುಗಳ ಮೇಲೆಯೇ ನಡೆಯುವಂತೆ ಕಟ್ಟಿಹಾಕುವುದು) ಸರಿಯೇ, ಅಥವಾ ಅದರಿಂದ ಉಬುಂಟುವೇ ಸೊರಗುತ್ತದೆಯೇ? ಎರಡನ್ನು ವೇಗದ ಕೋರ್‌ಗಳಿಗೂ ಎರಡನ್ನು ಉಳಿದವಕ್ಕೂ ಹಂಚಿ ನೋಡಿದವರು ಯಾರಾದರೂ ಇದ್ದೀರಾ? ಬ್ಯಾಟರಿಯಲ್ಲಿ ನಡೆಸುವಾಗಿನ ಬಿಸಿಯ ಬಗ್ಗೆಯೂ ನಿಮ್ಮ ಅನುಭವ ತಿಳಿಸಿದರೆ ತುಂಬ ಉಪಕಾರವಾಗುತ್ತದೆ. ಮಶೀನಿನ ಸೆಟ್ಟಿಂಗ್‌ಗಳಿರುವ ಎಕ್ಸ್‌ಎಂಎಲ್ ಕಡತವನ್ನು ಕೇಳಿದರೆ ಇಲ್ಲೇ ಹಾಕುತ್ತೇನೆ.